ಡೀಸೆಲ್ ಗಾಡಿ ಮತ್ತು ಅವರ ಕಿವಿ

ನಮ್ಮ ಗಾಡಿ ಬರುವುದಕ್ಕಿಂತ ಮೊದಲು ಅದರ ಸದ್ದು ಬರುತ್ತಿತ್ತು. ಗಾಡಿ ಇನ್ನೂ ಕರ್ಕಿಯ ದಾರಿಯಲ್ಲಿ ಇರುವಾಗಲೇ ಹೊನ್ನಾವರದ ನಮ್ಮ ಓಣಿಯವರು, "ಹೋ, ಅಕ್ಕಿ ಗಿರಣಿ ಬಂತು" ಎಂದು ನಗುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಗಿರಣಿಯಾದ್ರೆ ಆಗ್ಲಿ, ಕುಮಟೆ ಕೋರ್ಟಿಗೆ ಹೋಗೂಕೆ ನಿಮಗೆ ಅದೇ ಬೇಕು ಅಲ್ದಾ?" ಎಂದು ಬೇಲಿಯ ಈಚೆಯಿಂದಲೇ ಕೊಟ್ಟು ಒಳಗೆ ಬರುತ್ತಿದ್ದೆ. ಒಳಗೆ ಅತ್ತೆಯ ಕೈಯಲ್ಲಿ ನನಗೆ ಬೈಗುಳ ಬೇರೆ ಸಿಗುತ್ತಿತ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ ಬಂದಾಗ ನನ್ನ ಗಂಡನ ಬಾಡಿಗೆ ಕಾರು ಅಂಗಳದಲ್ಲಿ ನಿಂತೇ ಹೋಗಿತ್ತು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಯುದ್ಧ ಮುಗಿದ ಮೇಲೆ, ಮುಂಬಯಿಯಲ್ಲಿ ಮಿಲಿಟರಿಯವರು ಬೇಡವೆಂದು ಮಾರಿದ ಸಾಮಾನುಗಳ ನಡುವೆ ಅವರಿಗೆ ಒಂದು ಸಣ್ಣ ಡೀಸೆಲ್ ಎಂಜಿನ್ ಸಿಕ್ಕಿತು. ಅದನ್ನು ಹಡಗಿನಲ್ಲಿ ತರಿಸಿ, ಕುಮಟೆಯ ಒಬ್ಬ ಮಿಸ್ತ್ರಿಯ ಜೊತೆ ಸೇರಿ ಹಳೆಯ ಕಾರಿನೊಳಗೆ ಕೂರಿಸಿದರು. ಆ ಮಿಸ್ತ್ರಿ ಕೊಂಕಣಿ ಮಾತಾಡುವವರು, ಇವರಿಗೆ ಕೆಲಸ ಕಲಿಸಿದವರು. ಸಣ್ಣದಾದರೂ ಅದು ಕಾರಿನ ಹಳೆಯ ಎಂಜಿನ್ನಿಗಿಂತ ದೊಡ್ಡದಾದ್ದರಿಂದ ಮುಂದಿನ ತಗಡನ್ನು ಕತ್ತರಿಸಿ ಎತ್ತರಿಸಬೇಕಾಯಿತು. ಗಾಡಿಗೆ ಮೂಗು ಊದಿದ ಹಾಗೆ ಕಾಣುತ್ತಿತ್ತು. ಆದರೆ ಓಡಿತು. ಅದು ಮೊದಲ ಸಲ ಹೊತ್ತಿಕೊಂಡು ಬಡಬಡ ಎಂದಾಗ ನನ್ನ ಗಂಡ ಅಂಗಳದಲ್ಲಿ ನಿಂತು ನಕ್ಕ ನಗೆಯನ್ನು ನಾನು ಆಮೇಲೆ ಅವರ ಮುಖದಲ್ಲಿ ಹೆಚ್ಚು ಸಲ ಕಾಣಲಿಲ್ಲ.

ಡೀಸೆಲ್ ಎಂಜಿನ್ನಿಗೆ ಎರಡು ವೈರಿಗಳು, ಕಸ ಮತ್ತು ಗಾಳಿ. ಇದನ್ನು ನಾನು ಅವರಿಂದಲೇ ಕಲಿತದ್ದು. ಡೀಸೆಲ್ ಎಣ್ಣೆಯ ಡಬ್ಬ ತಂದರೆ ಅದನ್ನು ಮೊದಲು ಅಲುಗಾಡಿಸದೆ ಒಂದು ಕಡೆ ಇಡಬೇಕು, ನೀರಿದ್ದರೆ ತಳಕ್ಕೆ ಇಳಿಯುತ್ತದೆ. ಆಮೇಲೆ ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಬೇಕು. ಸೋಸುವ ಕೆಲಸ ನನ್ನದು. ಪಂಚೆಯ ಬಟ್ಟೆಯಾದರೆ ಅದರ ನೂಲೆಳೆಯೇ ಎಣ್ಣೆಯಲ್ಲಿ ಇಳಿದು, ಎಣ್ಣೆ ಚಿಮ್ಮಿಸುವ ಇಂಜೆಕ್ಟರಿನ ಕೂದಲಿನಷ್ಟು ಸಣ್ಣ ತೂತನ್ನು ಕಟ್ಟುತ್ತದೆ ಎಂದು ಅವರು ಹೇಳಿದ್ದರಿಂದ, ನಾನು ನೂಲು ಬಿಡದ ರೇಷ್ಮೆಯೆಂದು ಅತ್ತೆಯ ಹಳೆಯ ಪಟ್ಟೆಸೀರೆಯ ತುಂಡೊಂದನ್ನು ಹರಿದುಕೊಂಡಿದ್ದೆ. ಅದು ಗೊತ್ತಾದ ದಿನ ಅತ್ತೆ ಊಟ ಮಾಡಲಿಲ್ಲ. "ನನ್ನ ಧಾರೆಸೀರೆ ಹರ್ದು ಗಾಡಿಗೆ ಕುಡ್ಸ್ತಾಳೆ" ಎಂದು ಓಣಿಗೆಲ್ಲ ಹೇಳಿದರು. ಅದು ಧಾರೆಸೀರೆಯಾಗಿರಲಿಲ್ಲ. ಇಲಿ ತಿಂದು ಬಿಟ್ಟ ಬೇರೆ ಯಾವುದೋ ಸೀರೆ.

ಎಣ್ಣೆಯ ಕೊಳವೆಯಲ್ಲಿ ಗಾಳಿ ಹಿಡಿದರೆ ಎಂಜಿನ್ ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳುವುದಿಲ್ಲ. ಆಗ ಎಣ್ಣೆ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಬರುವ ಎಣ್ಣೆ ಒಂದೇ ಧಾರೆಯಾಗುವವರೆಗೆ ಬಿಡಬೇಕು. ಇವೆಲ್ಲ ಕೈಕೆಲಸ, ಯಾರು ಬೇಕಾದರೂ ಕಲಿಯಬಹುದು. ಉಳಿದದ್ದು ಕಿವಿಯ ಕೆಲಸ. ಅವರು ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಯಾವ ಸಿಲಿಂಡರ್ ಸೋಮಾರಿಯಾಗಿದೆ, ಯಾವ ವಾಲ್ವ್ ಸಡಿಲವಾಗಿದೆ ಎಂದು ಹಾಗೆ ನಿಂತೇ ಹೇಳುತ್ತಿದ್ದರು. ಭಟ್ಕಳದಿಂದಲೂ ಲಾರಿಯವರು ಬಂದು, "ಸ್ವಲ್ಪ ಕೇಳಿ ಹೇಳ್ರಾ" ಎಂದು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಅನ್ನ ಇದ್ದದ್ದು ಅವರ ಆ ಎರಡು ಕಿವಿಗಳಲ್ಲಿ.

ಇನ್ನು ನಮ್ಮ ಮನೆಯ ರೀತಿ ಹೇಳಬೇಕು. ಅತ್ತೆಯ ಎದುರು ಗಂಡನ ಹತ್ತಿರ ಮಾತಾಡುವ ಹಾಗಿರಲಿಲ್ಲ. ಹೆಸರು ಹಿಡಿದು ಕರೆಯುವುದಂತೂ ಕನಸಿನಲ್ಲೂ ಇಲ್ಲ. ಊಟಕ್ಕೆ ಕರೆಯಬೇಕಾದರೆ ಬಾಗಿಲ ಮರೆಯಲ್ಲಿ ನಿಂತು ಬಳೆ ಆಡಿಸಬೇಕು, ಇಲ್ಲವೆ ಒಂದು ಪಾತ್ರೆಯನ್ನು ಬೇಕೆಂದೇ ಸದ್ದಾಗುವಂತೆ ಇಡಬೇಕು. ಮಕ್ಕಳಿದ್ದ ಮನೆಯಲ್ಲಾದರೆ ಮಕ್ಕಳ ಬಾಯಿಂದ ಹೇಳಿಸುತ್ತಾರೆ. ನಮಗೆ ಇನ್ನೂ ಮಕ್ಕಳಾಗಿರಲಿಲ್ಲ. ನಾವು ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡಿದ್ದು ಗಾಡಿಯಲ್ಲಿ, ನನ್ನನ್ನು ಭಟ್ಕಳದ ಹತ್ತಿರದ ತವರಿಗೆ ಬಿಡಲು ಹೋಗುವಾಗ. ಆ ಎಂಜಿನ್ನಿನ ಅಬ್ಬರದಲ್ಲಿ ಮೆಲ್ಲಗೆ ಮಾತಾಡುವುದಾದರೂ ಹೇಗೆ? "ನನ್ನ ಮೇಲೆ ನಿಮಗೆ ಪ್ರೀತಿ ಇದ್ಯಾ ಇಲ್ವಾ?" ಎಂದು ನಾನು ಒಂದು ಸಲ ಕೂಗಿ ಕೇಳಿದ್ದು ರಸ್ತೆ ಬದಿಯಲ್ಲಿ ದನ ಮೇಯಿಸುತ್ತಿದ್ದ ಮುದುಕಿಗೂ ಕೇಳಿಸಿ, ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾಚಿಕೆಯಿಂದ ಸತ್ತೇ ಹೋದೆ. ಅವರು ಹೊಳೆ ದಾಟುವ ತಾರಿಯ ಕಡವು ಬರುವವರೆಗೂ ತಮ್ಮಷ್ಟಕ್ಕೆ ನಗುತ್ತಾ ಇದ್ದರು.

ಮನೆಯಲ್ಲಿ ಮಾತೇ ಇಲ್ಲ, ಗಾಡಿಯಲ್ಲಿ ಎಲ್ಲರೂ ಕೂಗುವವರೇ. ಅವರ ಕಿವಿ ಮಂದವಾಗುತ್ತಿದೆ ಎಂದು ಯಾರಿಗೂ ಗೊತ್ತಾಗದೆ ಹೋದದ್ದು ಹೀಗೆ.

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಘಟ್ಟದ ಬುಡದ ಊರಿಗೆ ಬಾಡಿಗೆ ಹೋಗಿ ಬಂದ ನನ್ನ ಗಂಡ ಚಳಿಜ್ವರ ಹಿಡಿದು ಮಲಗಿದರು. ಕಂಬಳಿಯ ಮೇಲೆ ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಗ ಎಲ್ಲರಿಗೂ ಕೊಡುವ ಹಾಗೆ ಅವರಿಗೂ ಕ್ವಿನೈನ್ ಕೊಟ್ಟರು. ಜ್ವರ ಬಿಟ್ಟಿತು, ಮತ್ತೆ ಬಂತು, ಮತ್ತೆ ಕ್ವಿನೈನ್. "ಕಿವಿಯಲ್ಲಿ ಗುಂಯ್ ಅಂತದೆ" ಎಂದು ಅತ್ತೆಯ ಹತ್ತಿರ ಹೇಳಿದ್ದನ್ನು ನಾನು ಅಡಿಗೆಮನೆಯಿಂದ ಕೇಳಿಸಿಕೊಂಡಿದ್ದೆ. "ಉಷ್ಣ, ಮಗಾ. ಮಜ್ಜಿಗೆ ಕುಡಿ, ಸರಿ ಆತದೆ" ಎಂದರು ಅತ್ತೆ. ಮಜ್ಜಿಗೆ ಕುಡಿದರು.

ಎದ್ದು ಗಾಡಿ ಹತ್ತಿದ ಮೇಲೆ ಶುರುವಾಯಿತು ನೋಡಿ. ಎಂಜಿನ್ನಿನಲ್ಲಿ ಏನೋ ಬಡಿಯುತ್ತಿದೆ ಎಂದು ಅವರಿಗೆ ಅನಿಸಿತು. ಒಂದೊಂದು ಇಂಜೆಕ್ಟರಿನ ಕೊಳವೆಯ ನಟ್ಟನ್ನು ಸಡಿಲಿಸಿ ನೋಡಿದರು. ಹಾಗೆ ಸಡಿಲಿಸಿದಾಗ ಎಂಜಿನ್ನಿನ ನಡೆ ತಪ್ಪಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದು ಅರ್ಥ, ತಪ್ಪದಿದ್ದರೆ ಅದೇ ಕಳ್ಳ. ಎಲ್ಲವೂ ದುಡಿಯುತ್ತಿದ್ದವು. ಇಂಜೆಕ್ಟರುಗಳನ್ನು ಬಿಚ್ಚಿ, ನನ್ನ ಪಟ್ಟೆ ತುಂಡಿನಿಂದಲೇ ಒರೆಸಿ ಕೂರಿಸಿದರು. ಸದ್ದು ಹೋಗಲಿಲ್ಲ. ವಾಲ್ವ್ ಬಿಗಿ ಮಾಡಿದರು, ಹೋಗಲಿಲ್ಲ. ಪಂಪನ್ನು ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದರು. ಅದು ಬರುವವರೆಗೆ ಗಾಡಿ ನಿಂತಿತು, ನಮ್ಮ ಸಂಪಾದನೆಯೂ ನಿಂತಿತು. ಪಂಪು ಹಿಂದೆ ಬಂತು, ಕೂರಿಸಿದ್ದಾಯಿತು. ಆ ಸದ್ದು ಹಾಗೆಯೇ ಇದೆ ಎಂದರು.

ಬಾಡಿಗೆಗೆ ಬಂದವರು, "ಗಾಡಿ ಚೊಲೋ ಓಡ್ತದಲ್ರಾ" ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಕುಮಟೆಯ ಮಿಸ್ತ್ರಿಯನ್ನು ಕರೆಸಿದರು. ಅವರು ಎಂಜಿನ್ ಹೊತ್ತಿಸಿ, ಸಲಾಕೆ ಹಚ್ಚಿ, ಹೊಗೆ ನೋಡಿ, ಬೀಡಿ ಹಚ್ಚಿಕೊಂಡು, ಎಂಜಿನ್ನಿನ ಅಬ್ಬರದ ಮೇಲೆ ಕೂಗಿ ಹೇಳಿದರು.

"ಅರೇ ಮಾರಾಯ, ಇದ್ರಲ್ಲಿ ಎಂತದೂ ಇಲ್ಲ."

"ಎಂತದೂ ಇಲ್ವಾ? ಇಷ್ಟು ಬಡೀತದೆ, ಕೇಳೂದಿಲ್ವಾ ನಿಮಗೆ?"

"ಕೇಳೂಕೆ ಇದ್ರೆ ಅಲ್ದಾ ಕೇಳೂದು."

"ನಿಮಗೆ ವಯಸ್ಸಾತು. ಕಿವಿ ಹೋಗ್ಯದೆ" ಎಂದುಬಿಟ್ಟರು ನನ್ನ ಗಂಡ, ಕಲಿಸಿದ ಗುರುವಿಗೆ. ಆ ಮುದುಕ ಕೊಡೆ ಎತ್ತಿಕೊಂಡು ಹೊರಟುಹೋದರು. ಊಟಕ್ಕೆ ಎಲೆ ಹಾಕಿದ್ದೆ, ನಿಲ್ಲಲಿಲ್ಲ.

ಆ ದಿನಗಳಲ್ಲಿ ನಾನು ಬಾಗಿಲ ಮರೆಯಲ್ಲಿ ಬಳೆ ಆಡಿಸಿದರೆ ಅವರು ತಲೆ ಎತ್ತುತ್ತಿರಲಿಲ್ಲ. ಪಾತ್ರೆ ಕುಕ್ಕಿದರೂ ಇಲ್ಲ. ನನಗೆ ಏನು ತೋರಬೇಕು? ನನ್ನ ಮೇಲೆ ಮುನಿಸು ಎಂದೇ ತಿಳಿದೆ. ನಾನೂ ಮುಖ ಊದಿಸಿಕೊಂಡೆ. ಅತ್ತೆ ಒಂದು ದಿನ ತೆಂಗಿನಕಾಯಿ ತುರಿಯುತ್ತಾ, "ಗಂಡನ ಮನಸ್ಸಿಗೆ ಎಂತ ಮಾಡಿಟ್ಟೆ ಹೆಣ್ಣೇ, ಅವ ನಿನ್ನ ಕಡೆ ತಿರುಗಿಯೂ ಕಾಣೂದಿಲ್ಲ" ಎಂದರು. ನಾನೇನು ಮಾಡಿದ್ದೆ? ಬಾವಿಕಟ್ಟೆಗೆ ಹೋಗಿ ಕೊಡ ಇಟ್ಟುಕೊಂಡು ಅತ್ತುಬಿಟ್ಟೆ. ನೀರು ಸೇದುವಾಗ ಅಳುವುದು ಸುಲಭ, ರಾಟೆಯ ಸದ್ದಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಅತ್ತೆ ಓಣಿಯ ಹೆಂಗಸರ ಜೊತೆ ಧಾರೇಶ್ವರದ ದೇವಸ್ಥಾನಕ್ಕೆ ಹೋದ ದಿನ ಅವರು ನನ್ನನ್ನು ಅಂಗಳಕ್ಕೆ ಕರೆದರು. ಮಧ್ಯಾಹ್ನದ ಹೊತ್ತು. ಎಂಜಿನ್ ಓಡುತ್ತಿತ್ತು. ಮುಖ ಬಾಡಿತ್ತು, ನಿದ್ದೆ ಇಲ್ಲದವರ ಹಾಗೆ ಕಣ್ಣು ಕೆಂಪಾಗಿತ್ತು.

"ನೀನಾದ್ರೂ ಕೇಳಿ ಹೇಳು. ಎಲ್ರೂ ನನ್ನ ಮಳ್ಳ ಅಂತಾರೆ" ಎಂದು ಸಲಾಕೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಕಿವಿಗೆ ಹಚ್ಚಿದೆ. ನಾನೇನು ಮಿಸ್ತ್ರಿಯಲ್ಲ. ಆದರೆ ಆ ಎಂಜಿನ್ನಿಗೆ ಅಷ್ಟು ದಿನ ಎಣ್ಣೆ ಸೋಸಿ ಕೊಟ್ಟವಳು, ಬೆಳಿಗ್ಗೆ ಅದು ಹೇಗೆ ಕೆಮ್ಮಿ ಏಳುತ್ತದೆ, ಬಿಸಿಯಾದ ಮೇಲೆ ಹೇಗೆ ಹದಕ್ಕೆ ಬರುತ್ತದೆ ಎಂದು ದಿನವೂ ಕೇಳಿದವಳು. ಅದು ಹದವಾಗಿ ಓಡುತ್ತಿತ್ತು. ಹೊಗೆಯೂ ಸರಿಯಾಗಿತ್ತು, ಕಪ್ಪಿಲ್ಲ, ನೀಲಿಯಿಲ್ಲ. ಎಷ್ಟು ಹುಡುಕಿದರೂ ಬಡಿತ ಸಿಗಲಿಲ್ಲ. ನಾನು ತಲೆಯಾಡಿಸಿದೆ.

ಅವರು ರೇಗಿ ಎಂಜಿನ್ ನಿಲ್ಲಿಸಿದರು. ಅದು ಕೊನೆಯ ಸಲ ಒಮ್ಮೆ ನಡುಗಿ ನಿಂತಿತು. ಅಂಗಳವೆಲ್ಲ ಸ್ತಬ್ಧವಾಯಿತು. ಎಲ್ಲೋ ಒಂದು ಕಾಗೆ ಕೂಗುತ್ತಿತ್ತು.

ಅವರು ಬೆರಳೆತ್ತಿ ಎಂಜಿನ್ನನ್ನು ತೋರಿಸಿದರು. "ಈಗ ಕೇಳು. ಹಾ, ಅದೇ! ಇಷ್ಟು ಜೋರಾಗಿ ಬಡೀತದೆ, ಯಾರಿಗೂ ಕೇಳೂದಿಲ್ಲ ಅಂತಾರೆ."

ಎಂಜಿನ್ ನಿಲ್ಲಿಸಿದ್ದು ಅವರದೇ ಕೈ. ಎಂಜಿನ್ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಆ ಕ್ಷಣ, ಆ ಸದ್ದಿನ ಬೆನ್ನು ಹತ್ತಿ ಹತ್ತಿ ದಣಿದಿದ್ದ ಅವರಿಗೆ ಅದು ಹೊಳೆಯಲಿಲ್ಲ. ನನ್ನ ಮುಖ ನೋಡಿದರು. ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಅಲುಗಾಡದೆ ಇದ್ದ ಕಬ್ಬಿಣದ ಮೇಲೆ ಆ ಅಂಗೈ ಬಹಳ ಹೊತ್ತು ಇತ್ತು. ಆಮೇಲೆ ಅದೇ ಕೈಯನ್ನು ಎತ್ತಿ ತಮ್ಮ ಕಿವಿಯ ಮೇಲೆ ಇಟ್ಟುಕೊಂಡರು.

ನಾನು, "ಹೋಯ್, ಕೇಳ್ತಾ?" ಎಂದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಆಮೇಲೆ ಹತ್ತಿರ ಹೋಗಿ, ಭುಜ ಹಿಡಿದು, ಕಿವಿಯ ಹತ್ತಿರವೇ ಬಾಯಿಟ್ಟು ಕೂಗಿದೆ. ಏನು ಕೂಗಿದೆ ಎಂದು ನೆನಪಿಲ್ಲ. ಹಗಲು ಹೊತ್ತಿನಲ್ಲಿ, ಅಂಗಳದಲ್ಲಿ ನಿಂತು, ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದಾಗ ಅತ್ತೆ ಪ್ರಸಾದದ ಬುಟ್ಟಿ ಹಿಡಿದು ಬೇಲಿಯ ದಣಪೆ ದಾಟಿ ಬಂದರು.

"ಎಂತದೇ ಇದು? ಗಂಡನ್ನ ಬೈತೇ?"

"ಬೈಯೂದಲ್ಲ ಅತ್ತೆ. ಇವರಿಗೆ ಕಿವಿ ಕೇಳೂದಿಲ್ಲ."

ಅತ್ತೆ ನಂಬಲಿಲ್ಲ. ಮಗನ ಬೆನ್ನ ಹಿಂದೆ ಹೋಗಿ ನಿಂತು, ಮೆಲ್ಲಗೆ, ಸಣ್ಣ ಮಗುವನ್ನು ಎಬ್ಬಿಸುವ ಹಾಗೆ "ಮಗಾ" ಎಂದರು. ಮತ್ತೊಂದು ಸಲ ಸ್ವಲ್ಪ ಜೋರಾಗಿ "ಮಗಾ" ಎಂದರು. ಅವರು ನೆಲ ನೋಡುತ್ತಾ ನಿಂತೇ ಇದ್ದರು. ಅತ್ತೆ ಬುಟ್ಟಿಯನ್ನು ಅಲ್ಲೇ ಇಟ್ಟು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಆ ದಿನದಿಂದ ನಮ್ಮ ಮನೆಯಲ್ಲಿ ನಾನು ಗಂಡನ ಹತ್ತಿರ ಮಾತಾಡಬಾರದು ಎಂದು ಯಾರೂ ಹೇಳಲಿಲ್ಲ. ಅಯ್ಯೋ ದೇವರೇ, ಇಷ್ಟು ದಿನ ನನ್ನ ಮಾತು ಕೇಳುವ ಕಿವಿ ಇತ್ತು, ಆಡುವ ಅಪ್ಪಣೆ ಇರಲಿಲ್ಲ. ಅಪ್ಪಣೆ ಸಿಕ್ಕಿದಾಗ ಕಿವಿಯೇ ಇಲ್ಲ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಎಲ್ಲರ ಮೇಲೂ ಮಾಡಿದೆ.

ಕುಮಟೆಯ ಡಾಕ್ಟರು ನೋಡಿ, ಕ್ವಿನೈನಿನಿಂದ ಹೀಗಾಗುವುದುಂಟು, ಕೆಲವರಿಗೆ ಹಿಂದೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಕಾದು ನೋಡಿ ಎಂದರು. ಕಾದೆವು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರು. ಹರಕೆ ಹೊತ್ತರು. ಡಾಕ್ಟರ ಹತ್ತಿರ ಹೋದ ದಿನವೇ ನನ್ನ ಗಂಡ ಮಿಸ್ತ್ರಿಯ ಮನೆಗೆ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆ ಮುದುಕ ಇವರ ತಲೆಯನ್ನು ಎದೆಗೆ ಒತ್ತಿಕೊಂಡು, "ನಿನ್ನ ಕಿವಿ ನಾನೇ ತಯಾರು ಮಾಡಿದ್ದಲ್ದಾ" ಎಂದು ಗಟ್ಟಿಯಾಗಿ ಅತ್ತರು. ಇವರು ಅದನ್ನು ಕೇಳಲಿಲ್ಲ. ನಾನು ಕೇಳಿದೆ.

ಗಾಡಿ ಬಿಡಲು ಅವರಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಹೊಗೆಯನ್ನು ನೋಡಬಹುದಲ್ಲ, ಕಪ್ಪಾದರೆ ಇಂಜೆಕ್ಟರ್ ಕೊಳೆಯಾಗಿದೆ, ನೀಲಿಯಾದರೆ ಒಳಗೆ ಕೀಲೆಣ್ಣೆ ಉರಿಯುತ್ತಿದೆ. ನಡುಕವನ್ನು ಅಂಗೈಯಲ್ಲಿ ಹಿಡಿಯಬಹುದಲ್ಲ. ಅವರು ಕಣ್ಣಿನಿಂದ, ಕೈಯಿಂದ ಕೆಲಸ ಮಾಡುವುದನ್ನು ಹೊಸದಾಗಿ ಕಲಿಯತೊಡಗಿದರು. ಸದ್ದಿನ ಭಾಗ ನಾನು ನೋಡಿಕೊಳ್ಳುತ್ತೇನೆ ಎಂದೆ. ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂತು ಹೋಗತೊಡಗಿದೆ. ಹಿಂದಿನಿಂದ ಗಾಡಿ ಬಂದು ಹಾರನ್ ಹೊಡೆದರೆ ಅವರ ಮಂಡಿ ತಟ್ಟಬೇಕು, ಎಂಜಿನ್ನಿನ ನಡೆ ತಪ್ಪಿದರೆ ತೋಳು ಹಿಡಿಯಬೇಕು. ಓಣಿಯವರು, "ಈಗ ಡ್ರೈವರಿಗೆ ಡ್ರೈವರಮ್ಮ ಬೇರೆ" ಎಂದು ಹಲ್ಲು ಕಿಸಿದರು. ಹಲ್ಲು ಇದ್ದವರು ಕಿಸಿಯಲಿ ಎಂದು ಸುಮ್ಮನಾದೆ. ಅತ್ತೆಯೇ ಅವರಿಗೆ ಹಿಂದೆಮುಂದೆ ನೋಡದೆ ಬೈದು ಬಂದರು. ಆ ಕೆಲವು ತಿಂಗಳು ನಾನು ಅವರ ಪಕ್ಕದಲ್ಲಿ ಕೂತು ಸುತ್ತಿದಷ್ಟು ಊರನ್ನು ಮತ್ತೆಂದೂ ಸುತ್ತಲಿಲ್ಲ. ಸುಖವೂ ಆಗುತ್ತಿತ್ತು, ಸುಖವಾಗುತ್ತಿದೆಯಲ್ಲ ಎಂದು ದುಃಖವೂ ಆಗುತ್ತಿತ್ತು.

ಶರಾವತಿ ದಾಟುವುದಕ್ಕೆ ಆಗ ತಾರಿಯೇ ಗತಿ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು, ಗಾಡಿಯನ್ನು ಹಲಗೆಯ ಮೇಲೆ ಹತ್ತಿಸಿ ಆಚೆ ದಡದಲ್ಲಿ ಹಿಂದೆ ಹಿಂದೆ ಇಳಿಸಬೇಕು. ನಾನು ಜ್ವರದಿಂದ ಮನೆಯಲ್ಲಿ ಉಳಿದ ಒಂದು ದಿನ, ಇಳಿಸುವಾಗ ತಾರಿಯವರು "ನಿಲ್ಸಿ, ನಿಲ್ಸಿ" ಎಂದು ಕೂಗಿದ್ದು ಅವರಿಗೆ ಕೇಳಲಿಲ್ಲ. ಹಿಂದೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಿದ್ದಳು. ಅವಳು ಬುಟ್ಟಿ ಬಿಟ್ಟು ನೀರಿಗೆ ಹಾರಿ ಉಳಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ಮನೆಗೆ ಬಂದು ಜಗಲಿಯಲ್ಲೇ ಕೂತುಬಿಟ್ಟರು. ನೀರು ಕೊಟ್ಟರೆ ಕುಡಿಯದೆ ಪಕ್ಕಕ್ಕಿಟ್ಟರು.

"ಆತು. ಇನ್ನು ಸಾಕು" ಎಂದರು. ನಾನು ಏನೆಂದು ಬೇಡವೆನ್ನಲಿ?

ಗಾಡಿ ಕೊಳ್ಳಲು ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ, ತಮ್ಮ ಡ್ರೈವರನ ಜೊತೆ ಬಂದರು. ಬಹಳ ಸಭ್ಯರು. ಅತ್ತೆಗೆ ಕೈಮುಗಿದೇ ಜಗಲಿ ಹತ್ತಿದರು. ಎಂಜಿನ್ ಹೊತ್ತಿಸಿ ಇಬ್ಬರೂ ಬಗ್ಗಿ ಕೇಳಿದರು. ನನ್ನ ಗಂಡ ಹೊಸ ಧಣಿಯ ಮುಖವನ್ನೇ ನೋಡುತ್ತಾ ನಿಂತಿದ್ದರು, ಪರೀಕ್ಷೆಗೆ ಕೂತ ಹುಡುಗನ ಹಾಗೆ.

"ಮಾಶಾಲ್ಲಾ" ಎಂದರು ವ್ಯಾಪಾರಿ. "ಇಂಥಾ ಸಾಫ್ ಎಂಜಿನ್ ನಾನು ಕೇಳೇ ಇಲ್ಲ ಭಾಯಿ. ಬಿಲ್ಕುಲ್ ಹೊಸದರ ಹಾಗೆ."

ಇವರು ನನ್ನ ಕಡೆ ತಿರುಗಿ, "ಎಂತ ಹೇಳಿದ್ರು?" ಎಂದರು.

ನಾನು ಅವರ ಕಿವಿಗೆ ಬಾಯಿಟ್ಟು, "ಎಂಜಿನ್ ಚೊಲೋ ಇಟ್ಟೀರಿ ಅಂತ್ರು" ಎಂದು ಕೂಗಿದೆ. ಎಷ್ಟೋ ಸಲ ಕೂಗಬೇಕಾಯಿತು. ಅರ್ಥವಾದ ಮೇಲೆ ಅವರು ತಲೆ ತಗ್ಗಿಸಿದರು.

ಮಾತುಕತೆ ಎಲ್ಲ ಮುಗಿದ ಮೇಲೆ ನನ್ನ ಗಂಡ ಏನೋ ನೆನಪಾಗಿ ಒಳಗೆ ಹೋದರು. ಸೋಸಿಟ್ಟ ಎಣ್ಣೆಯ ಡಬ್ಬ ಒಂದು ಹಿತ್ತಿಲ ಚಾವಡಿಯಲ್ಲಿತ್ತು, ಅದನ್ನೂ ಗಾಡಿಯ ಜೊತೆಗೆ ಕೊಡಬೇಕೆಂದು. ಇತ್ತ ಡ್ರೈವರ್ ಆಕಾಶ ನೋಡಿ, ಹೊಳೆಯಲ್ಲಿ ಭರತದ ನೀರು ಇಳಿಯುವ ಹೊತ್ತಾಯಿತು, ತಾರಿ ತಪ್ಪಿದರೆ ನಾಳೆಯೇ ಎಂದ. ವ್ಯಾಪಾರಿ ಒಳಗಿನ ಕಡೆ ಮುಖ ಮಾಡಿ, "ಬರ್ತೇವೆ ಭಾಯಿ!" ಎಂದು ದೊಡ್ಡದಾಗಿ ಕೂಗಿ ಹೇಳಿ ಹತ್ತಿ ಕೂತರು. ಕೂಗಿ ಹೇಳಿದ ಮೇಲೆ ಹೇಳಿದ ಹಾಗೆಯೇ ಎಂದುಕೊಂಡರು, ಪಾಪ. ನಾನು, "ನಿಲ್ಲಿ, ನಿಲ್ಲಿ, ಅವರು ಬರ್ತಾ ಇದ್ದಾರೆ" ಎಂದು ಓಡಿದೆ. ಎಂಜಿನ್ನಿನ ಅಬ್ಬರದಲ್ಲಿ ನನ್ನ ಮಾತು ಯಾರಿಗೂ ಕೇಳಲಿಲ್ಲ. ಗಾಡಿ ಓಣಿ ತಿರುಗಿ ಹೋಯಿತು. ಊರಿಗೆಲ್ಲ ಕೇಳುವ ಆ ಸದ್ದು ದಾರಿಯುದ್ದಕ್ಕೂ ಕೇಳಿ, ಸಣ್ಣದಾಗಿ, ನದಿಯ ಕಡೆ ಇಳಿದು ನಿಂತಿತು.

ಆಮೇಲೆ ಅವರು ಡಬ್ಬ ಹೊತ್ತು ಹೊರಗೆ ಬಂದರು. ಒಂದು ಹನಿಯೂ ಚೆಲ್ಲಬಾರದೆಂದು ಮೆಲ್ಲಗೆ, ಡಬ್ಬವನ್ನೇ ನೋಡುತ್ತಾ ನಡೆದು ಬರುತ್ತಿದ್ದರು. ಜಗಲಿಯ ತುದಿಗೆ ಬಂದು ತಲೆ ಎತ್ತಿದರು. ಅಂಗಳ ಖಾಲಿಯಾಗಿತ್ತು. ನನ್ನನ್ನು ನೋಡಿದರು, ಮೆಟ್ಟಿಲ ಮೇಲೆ ಕೂತ ತಾಯಿಯನ್ನು ನೋಡಿದರು.

ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆ ಕಿವಿ ಕೊಟ್ಟು ನಿಂತರು.

"ಹೆಚ್ಚು ದೂರ ಹೋಗಲಿಲ್ಲ" ಎಂದರು. "ಇನ್ನೂ ಕೇಳ್ತದೆ."

ನಾನು ಹೋಗಿ ಅವರ ಕೈಯಿಂದ ಡಬ್ಬ ತೆಗೆದುಕೊಂಡೆ.